ನಿಂತ ಬಸ್ಸಿನ ಅರವತ್ತು

ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕಡತ ನೋಡಿದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾವ ವಿಷಯವನ್ನೂ ಅವನು ಸುಮ್ಮನೆ ಯೋಚಿಸಲಾರ, ಟಿಪ್ಪಣಿ ಬರೆದೇ ಯೋಚಿಸಬೇಕು. ನಿವೃತ್ತನಾದ ಮೇಲೂ ನಾನು ತರಕಾರಿ ಚೀಟಿಯ ತಲೆಯ ಮೇಲೆ ‘ವಿಷಯ’ ಎಂದು ಬರೆದು ಅಡಿಗೆರೆ ಎಳೆದದ್ದುಂಟು. ಹೀಗಿರುವಾಗ ಕಂಪ್ಯೂಟರಿಗೆ ಒಂದು ಗ್ರಾಫಿಕ್ಸ್ ಕಾರ್ಡು ಕೊಳ್ಳುವ ಪ್ರಸಂಗ ಬಂದದ್ದೇ ತಡ, ಹೊಸ ಕಡತ ತೆರೆದೆ. ರಟ್ಟಿನ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದೆ: ‘ವಿಷಯ: ಅಣ್ಣಯ್ಯನು ತಲೆ ತಿರುಗದೆ ಬಸ್ಸು ಓಡಿಸಲು ಅನುಕೂಲ ಕಲ್ಪಿಸುವ ಬಗ್ಗೆ.’

ಅಣ್ಣಯ್ಯ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಪ್ರಾಯದಿಂದಲೂ ಸಾಗರ–ಹೊಸನಗರ–ತೀರ್ಥಹಳ್ಳಿ ದಾರಿಯಲ್ಲಿ ಖಾಸಗಿ ಬಸ್ಸು ಓಡಿಸಿದವನು. ಹೊಸನಗರದಲ್ಲಿ ನಮ್ಮದು ಒಂದೇ ಮನೆ: ಅವನು, ಅತ್ತಿಗೆ, ನಾನು. ಮದುವೆಯ ಕಡತವನ್ನು ನಾನು ಕಾಲಕಾಲಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಮುಂದೂಡುತ್ತ ಬಂದೆ. ಕೊನೆಗೆ ಪರಿಶೀಲಿಸಬೇಕಾದವರೇ ಯಾರೂ ಉಳಿಯಲಿಲ್ಲ.

ಅಣ್ಣಯ್ಯನ ಎಡ ಮೊಣಕಾಲು ಕೈಕೊಟ್ಟಿತು. ಎಡಗಾಲೆಂದರೆ ಕ್ಲಚ್ಚಿನ ಕಾಲು. ಆಪರೇಷನ್ ಆಯಿತು, ನಡಿಗೆ ಬಂತು. ಆದರೆ ಬಸ್ಸಿನ ಕ್ಲಚ್ಚು ಇನ್ನು ಈ ಜನ್ಮಕ್ಕೆ ಬೇಡ ಎಂದರು ಡಾಕ್ಟರು. ಮಾಲೀಕರು ಶಾಲು ಹೊದಿಸಿ ಬೀಳ್ಕೊಟ್ಟರು. ಮರುದಿನ ಬೆಳಿಗ್ಗೆ ಅಣ್ಣಯ್ಯ ಎಂದಿನ ಹೊತ್ತಿಗೇ ಎದ್ದು, ಸ್ನಾನ ಮಾಡಿ, ಬಸ್ ಸ್ಟ್ಯಾಂಡಿಗೆ ಹೋದ. ಅಂದಿನಿಂದ ದಿನವೂ ಹೊರಡುವ ಹೊತ್ತಿಗೆ ಕಾಯುತ್ತ ನಿಂತ ಯಾವುದಾದರೂ ಬಸ್ಸು ಹತ್ತಿ, ಡ್ರೈವರ್ ಸೀಟಿನಲ್ಲಿ ಕೂತು, ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಎದುರಿನ ಹೋಟೆಲಿನ ಕಡೆ ನೋಡುತ್ತಿರುತ್ತಿದ್ದ. ಹಳೆಯ ಡ್ರೈವರುಗಳೆಲ್ಲ ಅವನ ಕೈಕೆಳಗೆ ಕಲಿತವರು. ಚಹಾ ಮುಗಿದರೂ ಸ್ವಲ್ಪ ತಡೆದೇ ಬರುತ್ತಿದ್ದರು. ಹೀಗೆ ಕೆಲವು ತಿಂಗಳು ನಡೆಯಿತು. ಒಂದು ದಿನ ಹೊಸದಾಗಿ ಸೇರಿದ ಡ್ರೈವರೊಬ್ಬ ಬಾಗಿಲ ಹತ್ತಿರ ನಿಂತು, “ಅಜ್ಜಾ, ಸ್ವಲ್ಪ ಇಳೀರಿ. ಗಾಡಿ ತೆಗೀಬೇಕು,” ಅಂದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಗಾಡಿ ತೆಗೆಯುವುದು ಅವನ ಕೆಲಸ. ಅಣ್ಣಯ್ಯ ಇಳಿದು ಮನೆಗೆ ಬಂದ. ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಮಾತೂ ಕಡಿಮೆಯಾಯಿತು.

“ಮನೇಲಿ ಒಂದು ಕಂಬ ಜಾಸ್ತಿ ಆಗಿದೆ ಮಾರಾಯ,” ಅಂದರು ಅತ್ತಿಗೆ. “ಬೇರೆ ಕಂಬಕ್ಕಾದ್ರೆ ಊಟ ಹಾಕೋದು ಬ್ಯಾಡ.”

ಆ ದಿನಗಳಲ್ಲೇ ನಾನು ಪ್ರಿಂಟರಿನ ಇಂಕಿಗಾಗಿ ಸಾಗರದ ಕಂಪ್ಯೂಟರ್ ಅಂಗಡಿಗೆ ಹೋದದ್ದು. ಊರವರಿಗೆ ಅರ್ಜಿ ಟೈಪು ಮಾಡಿಕೊಡುವುದು ನನ್ನ ನಿವೃತ್ತಿಯ ಕಸುಬು. ಅಂಗಡಿಯ ಮೇಜಿಗೆ ಒಂದು ಸಣ್ಣ ಸ್ಟೇರಿಂಗ್ ಬಿಗಿದಿತ್ತು, ಕೆಳಗೆ ಪೆಡಲು, ಎದುರಿನ ಪರದೆಯ ಮೇಲೆ ಯಾವುದೋ ದೇಶದ ಬೆಟ್ಟದ ದಾರಿಯಲ್ಲಿ ಬಸ್ಸು ಏರುತ್ತಿತ್ತು. ಇದು ಬಸ್ಸು ಓಡಿಸುವ ಆಟ, ಕ್ಲಚ್ಚು ಬೇಕಾದರೆ ಉಂಟು, ಬೇಡವಾದರೆ ಇಲ್ಲ, ಎಂದು ಅಂಗಡಿಯವರು ವಿವರಿಸಿದರು. ಕ್ಲಚ್ಚಿಲ್ಲದ ಬಸ್ಸು! ಇಂಕು ಮರೆತು ಸ್ಟೇರಿಂಗ್ ಕಟ್ಟಿಸಿಕೊಂಡು ಬಂದೆ.

ಅಣ್ಣಯ್ಯನನ್ನು ಅದರ ಮುಂದೆ ಕೂರಿಸುವುದೇ ಒಂದು ರಾಯಭಾರ. ಮೊದಲು “ಮಕ್ಕಳಾಟ” ಅಂದ. ಆಮೇಲೆ ಸ್ಟೇರಿಂಗ್ ಬಹಳ ಸಣ್ಣದು, ಸೊಸೈಟಿಯ ಎಣ್ಣೆ ಡಬ್ಬದ ಮುಚ್ಚಳದ ಹಾಗಿದೆ ಅಂದ. ಆಮೇಲೆ ಕೂತ. ಕೂತವನು ಸುಮ್ಮನೆ ಕೂತೇ ಇದ್ದ. ಎಂಜಿನ್ ಗುರುಗುಟ್ಟುತ್ತಿದೆ, ಬಸ್ಸು ಅಲುಗದು.

“ಎಂತ ಅಣ್ಣಯ್ಯ, ಹೊರಡು.”

“ರೈಟ್ ಹೇಳು.”

“ಏನು?”

“ಕಂಡಕ್ಟರ್ ರೈಟ್ ಅನ್ನದೆ ಗಾಡಿ ತೆಗೆಯೋದು ಹ್ಯಾಂಗೋ?”

ಗೆಜೆಟೆಡ್ ಅಧಿಕಾರಿಗಳ ಸಹಿಗೆ ಕಡತ ಮಂಡಿಸಿದ ಬಾಯಲ್ಲಿ ನಾನು “ರೈಟ್, ರೈಟ್” ಅಂದೆ. ಬಸ್ಸು ಹೊರಟಿತು. ಹೊರಟಿತು ಎಂದರೆ, ಜಿಗಿಯಿತು. ಒಂದು ಕ್ಷಣ ರಸ್ತೆ ಇಲ್ಲಿ, ಮರುಕ್ಷಣ ಇಪ್ಪತ್ತು ಮಾರು ಆಚೆ. ನಡುವಿನದನ್ನು ನಮ್ಮ ನಂಬಿಕೆಗೆ ಬಿಟ್ಟಿತ್ತು. ಅರ್ಜಿ ಟೈಪು ಮಾಡಲೆಂದು ಕೊಂಡ ನನ್ನ ಕಂಪ್ಯೂಟರಿಗೆ ಚಿತ್ರ ಬಿಡಿಸಲು ಬೇರೆ ಕಾರ್ಡು ಇರಲಿಲ್ಲ, ಇದ್ದ ಶಕ್ತಿಯಲ್ಲಿ ತೆವಳುತ್ತಿತ್ತು. ಅಣ್ಣಯ್ಯ ಹಲ್ಲು ಕಚ್ಚಿ ಹತ್ತು ನಿಮಿಷ ಓಡಿಸಿದ. ಆಮೇಲೆ ಗಾಡಿ ಬದಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕ್ರಮಬದ್ಧವಾಗಿ ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿದ.

ಮುಖ ಒರೆಸಿಕೊಂಡು ಬಂದವನ ಕಣ್ಣಲ್ಲಿ ಕಾಯಿಲೆಗಿಂತ ಅವಮಾನ ಹೆಚ್ಚಿತ್ತು. “ವಾಂತಿ ಮಾಡೋದು ಪ್ಯಾಸೆಂಜರು,” ಅಂದ. “ಡ್ರೈವರ್ ಮಾಡೋದಲ್ಲ.”

ಕಡತ ತೆರೆದದ್ದು ಆ ಮಧ್ಯಾಹ್ನ. ಅವನಿಗೆ ಕೂರಲು ಒಂದು ಸೀಟು ಬೇಕಿತ್ತು. ಇಳೀರಿ ಎಂದು ಯಾರೂ ಹೇಳದ ಸೀಟು. ಅದು ನಮ್ಮ ಮುಂದಿನ ಕೋಣೆಯಲ್ಲೇ ಇತ್ತು, ನಡುವೆ ಒಂದು ಕಾರ್ಡು ಅಡ್ಡ.

ಕಾರ್ಡುಗಳ ಲೋಕ ಪ್ರವೇಶಿಸಿದವನಿಗೆ ಮೊದಲು ತಿಳಿಯುವುದು, ಬಡವರ ಕಾರ್ಡು ಎಂಬುದು ರೇಷನ್ನಿಗೆ ಮಾತ್ರವಲ್ಲ ಎಂಬುದು. ಇಲ್ಲೂ ಮೇಲ್ದರ್ಜೆ, ಮಧ್ಯಮ ದರ್ಜೆ, ಕಡೆಯ ದರ್ಜೆ ಉಂಟು. ತೀರ್ಥಹಳ್ಳಿಯಲ್ಲಿ ಒಬ್ಬರು ಹಳೆಯ ದೊಡ್ಡ ಕಾರ್ಡೊಂದನ್ನು ಅಗ್ಗಕ್ಕೆ ಕೊಡುತ್ತಾರೆಂದು ತಿಳಿದು ಹೋದೆ. ಕಲ್ಲಂಗಡಿ ಹೋಳಿನಷ್ಟು ದಪ್ಪ, ಮೇಲೆ ಮೂರು ಫ್ಯಾನು. ಆ ಮನುಷ್ಯರು ಪ್ರಾಮಾಣಿಕರು. “ಸ್ವಲ್ಪ ಕಾಲ ಮೈನಿಂಗಲ್ಲಿ ದುಡಿದಿದೆ ಸರ್, ಮೊದಲೇ ಹೇಳ್ತೀನಿ,” ಅಂದರು. ಗಣಿಗಾರಿಕೆಯಲ್ಲಿ ದುಡಿದ ವಸ್ತುವಿಗೆ ಗಣಿ ಇಲಾಖೆಯ ಪರವಾನಗಿ ಇದೆಯೇ ಎಂದು ನಾನು ಕೇಳಿದ್ದನ್ನು ಅವರು ತಮಾಷೆ ಎಂದು ತಿಳಿದು ನಕ್ಕರು. ನಾನೂ ನಕ್ಕೆ. ಅದು ಕಂಪ್ಯೂಟರಿನೊಳಗೆ ಲೆಕ್ಕ ಮಾಡಿ ನಾಣ್ಯ ಅಗೆಯುವ ಗಣಿ, ಹಗಲಿರುಳು ಓಡಿ ಕಾರ್ಡು ಬಿಸಿಯಾಗಿರುತ್ತದೆ ಎಂಬುದು ತಿಳಿದದ್ದು ಆಮೇಲೆ.

ಅದನ್ನು ಕೊಳ್ಳುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳೋಣವೆಂದು, ಮುಂದಿನ ವಾರ ಕಂಪ್ಯೂಟರಿನ ಪೆಟ್ಟಿಗೆಯನ್ನೇ ತೊಡೆಯ ಮೇಲೆ ಇಟ್ಟುಕೊಂಡು ಸಾಗರದ ಬಸ್ಸು ಹತ್ತಿದೆ. ಅಂಗಡಿಯವರು ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿ, ಸ್ಥಳ ತನಿಖೆ ಮುಗಿಸಿದರು.

“ಸರ್, ತೀರ್ಥಹಳ್ಳೀದು ಮರೆತ್ಬಿಡಿ. ನಿಮ್ದು ತೆಳ್ಳಗಿನ ಪೆಟ್ಟಿಗೆ, ಅದು ಒಳಗೇ ಹೋಗಲ್ಲ.”

“ಅಂದರೆ ಒತ್ತುವರಿಯಾಗುತ್ತದೆ.”

“ಹಂಗೇ ಅನ್ಕೊಳಿ. ಇನ್ನೊಂದು, ಪವರ್ ಸಪ್ಲೈ ಸಣ್ಣದು. ದೊಡ್ಡ ಕಾರ್ಡಿಗೆ ಬೇರೆ ವೈರ್ ಎಳೀಬೇಕು, ಇದ್ರಲ್ಲಿ ಆ ವೈರೇ ಇಲ್ಲ. ಒಳಗಿನ ಬೋರ್ಡ್ ಎಷ್ಟು ಕರೆಂಟ್ ಕೊಡತ್ತೋ ಅಷ್ಟ್ರಲ್ಲೇ ಬದುಕೋ ಗಿಡ್ಡ ಕಾರ್ಡ್ ಹಾಕಣ. ಹೊಸದು, ವಾರಂಟಿ ಇದೆ.”

ಸಿಕ್ಕಿದಷ್ಟರಲ್ಲೇ ಬದುಕುವ ಗಿಡ್ಡ ಕಾರ್ಡು ಎಂದದ್ದು ನನಗೆ ಹಿಡಿಸಿತು. ನಾನೂ ನನ್ನ ಸರ್ವೀಸನ್ನು ಹಾಗೆಯೇ ಕಳೆದವನು. ಮೆಮೊರಿ ನಾಲ್ಕು ಜಿಬಿಯೋ ಆರೋ ಎಂಬ ಪ್ರಶ್ನೆ ಬಂತು. ಸ್ವಲ್ಪ ಹೆಚ್ಚಾದರೂ ಆರೇ ಇರಲಿ, ಊರೊಳಗೆ ಬಂದಾಗ ಮನೆ ಮರ ಎಲ್ಲ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕಲ್ಲ ಎಂದರು. ಕಾರ್ಡು ಕೂರಿಸಿ ಕೊಟ್ಟು, ಕೊನೆಗೆ ಒಂದು ಮಾತು ಹೇಳಿದರು: “ಪರದೆ ಮೂಲೇಲಿ ಒಂದು ನಂಬರ್ ಬರೋ ಹಂಗೆ ಮಾಡಿದೀನಿ. ಸೆಕೆಂಡಿಗೆ ಎಷ್ಟು ಚಿತ್ರ ಬರ್ತಿದೆ ಅಂತ. ಅರವತ್ತು ನಿಂತ್ರೆ ಬೆಣ್ಣೆ ಸರ್. ನಲವತ್ತು, ಮೂವತ್ತು ಅಂತ ಕುಣಿದ್ರೆ ತಲೆ ತಿರುಗೋದೇ.”

ಮನೆಗೆ ಬಂದು ಆಟದ ಸೆಟ್ಟಿಂಗ್ಸ್ ತೆರೆದೆ. ಎಲೆಯ ದಟ್ಟಣೆ, ನೆರಳು, ನೀರಿನಲ್ಲಿ ಪ್ರತಿಬಿಂಬ, ಮೋಡ, ಕನ್ನಡಿ, ದೂರದ ನೋಟ — ಒಂದೊಂದಕ್ಕೂ ಕಡಿಮೆಯಿಂದ ಅತಿ ಹೆಚ್ಚಿನವರೆಗೆ ದರ್ಜೆ. ಜೀವಮಾನದಲ್ಲಿ ಮೊದಲ ಬಾರಿಗೆ ಮಂಜೂರಾತಿಯ ಅಧಿಕಾರ ನನ್ನ ಕೈಯಲ್ಲಿತ್ತು. ಎಲ್ಲವನ್ನೂ ಅತಿ ಹೆಚ್ಚಿಗೆ ಮಂಜೂರು ಮಾಡಿದೆ. ಚಿತ್ರವೇನೋ ಚೆಂದ. ಎಲೆ ಎಲೆಯೂ ಅಲುಗುತ್ತಿತ್ತು, ರಸ್ತೆಯ ನೀರಿನಲ್ಲಿ ಮೋಡ ತೇಲುತ್ತಿತ್ತು. ಮೂಲೆಯ ನಂಬರು ಮಾತ್ರ ಇಪ್ಪತ್ತೆಂಟು, ನಲವತ್ತು, ಮೂವತ್ತೊಂದು ಎಂದು ಜ್ವರದ ಕಾವಿನ ಹಾಗೆ ಏರಿಳಿಯುತ್ತಿತ್ತು. ಅಣ್ಣಯ್ಯ ಕಾಲು ಗಂಟೆ ಓಡಿಸಿ, ಏಳದೆ, ಹಣೆ ಹಿಡಿದು ಕೂತ.

“ಸ್ಪೀಡೇನೋ ಸರಿ ಇದೆ,” ಅಂದ. “ಆದ್ರೂ ಹೊಟ್ಟೆ ತೊಳೆಸ್ತದೆ.”

‘ಸ್ಪೀಡು ಸರಿ ಇದೆ’ ಎಂಬ ಮಾತನ್ನು ನಾನು ಆಗ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಇಂಟರ್ನೆಟ್ಟಿನಲ್ಲಿ ಬಲ್ಲವರು ಬರೆದದ್ದನ್ನು ಓದಿದೆ. ಬಸ್ಸಿನ ಕನ್ನಡಿಗಳು ಬಹಳ ಭಾರ, ಒಂದೊಂದು ಕನ್ನಡಿಗೂ ಹಿಂದಿನ ಲೋಕವನ್ನೆಲ್ಲ ಇನ್ನೊಮ್ಮೆ ಬಿಡಿಸಬೇಕು, ಮೊದಲು ಅದನ್ನೇ ಇಳಿಸಿ ಎಂದು ಎಲ್ಲರ ಸಲಹೆ. ಕನ್ನಡಿಗಳನ್ನು ಕಡೆಯ ದರ್ಜೆಗೆ ಇಳಿಸಿದೆ, ನೆರಳು ಅರ್ಧಕ್ಕೆ. ನಂಬರು ಅರವತ್ತಕ್ಕೆ ನೆಗೆಯಿತು. ಅಣ್ಣಯ್ಯನನ್ನು ಕೂಗಿದೆ. ಅತ್ತಿಗೆಯೂ ಬಂದು ಹಿಂದೆ ಕುರ್ಚಿ ಹಾಕಿಕೊಂಡರು. ಎರಡನೆಯ ಪ್ರಯೋಗ.

“ರೈಟ್,” ಅಂದೆ.

ಬಸ್ಸು ಬೆಣ್ಣೆಯ ಹಾಗೆ ಹೊರಟಿತು. ನಾನು ಮೂಲೆಯ ನಂಬರನ್ನೇ ನೋಡುತ್ತಿದ್ದೆ: ಐವತ್ತೆಂಟು, ಅರವತ್ತು. ಇನ್ನೇನು ಹಿಗ್ಗಬೇಕು, ಅಣ್ಣಯ್ಯ ಗಕ್ಕನೆ ಬ್ರೇಕು ಒತ್ತಿದ. ಮತ್ತೆ ನಿಧಾನ ಹೊರಟ, ಮತ್ತೆ ಒತ್ತಿದ. ಏರಿನಲ್ಲಿ ಒತ್ತಿದ, ಇಳಿಜಾರಿನಲ್ಲಿ ಒತ್ತಿದ. ಬಸ್ಸು ಮೂಗು ಮುಂದಕ್ಕೆ ಹಾಕಿ ಮುಗ್ಗರಿಸಿದಾಗಲೆಲ್ಲ ಪರದೆಯೇ ತೂಗುತ್ತಿತ್ತು.

“ಎಂತ ಮಾಡ್ತಿದೀಯ ಅಣ್ಣಯ್ಯ? ಚೆನ್ನಾಗಿ ಹೋಗ್ತಿದೆಯಲ್ಲ!”

“ಚೆನ್ನಾಗಿ ಹೋಗೋದಾ? ಈ ತಿರುವಲ್ಲಿ ಅರವತ್ತಾ? ಹಿಂದೆ ಜನ ಕೂತಿಲ್ವನಾ?”

“ನಾನು ಕೂತಿದೀನಿ,” ಅಂದರು ಅತ್ತಿಗೆ.

“ಅರವತ್ತು ಇರಲೇಬೇಕು,” ಅಂದೆ ನಾನು. “ಅರವತ್ತಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು.”

“ನಿಂಗೆ ಬುದ್ಧಿ ಇದೆಯನಾ? ನಾನು ಕೋಣಂದೂರಿನ ದಾರೀಲಿ ಯಾವತ್ತೂ ನಲವತ್ತು ದಾಟಿದವನಲ್ಲ. ನೀ ಕಂಡಕ್ಟರೋ ಇಲ್ಲಾ ನನ್ನ ಕೊಲ್ಲಕ್ಕೆ ಬಂದವನೋ?”

ಸಿಟ್ಟಿನಲ್ಲೇ ಒಂದು ಸ್ಟಾಪಿಗೆ ತಂದು ನಿಲ್ಲಿಸಿದ. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಎರಡು ಬೊಂಬೆಗಳು ಹತ್ತಿದವು. ಅಣ್ಣಯ್ಯ ಬೆವರು ಒರೆಸಿಕೊಂಡು ಮೂಲೆಯ ಕಡೆ ಬೆರಳು ತೋರಿಸಿದ. “ನೋಡು. ನಿಂತಿದೆ ಬಸ್ಸು. ಅರವತ್ತೊಂದು ತೋರಿಸ್ತಿದೆ! ಮೀಟರು ಹಾಳಾಗಿದೆ ಮಾರಾಯ, ವಾಪಸ್ ಕೊಡು ಇದನ್ನ.”

ನಾನು ನಂಬರನ್ನು ನೋಡಿದೆ. ನಿಂತ ಬಸ್ಸನ್ನು ನೋಡಿದೆ. ಮೂವತ್ತು ವರ್ಷ ಬೇರೆಯವರ ತಪ್ಪು ಹುಡುಕಿದವನಿಗೆ ಕೊನೆಗೆ ತನ್ನದೇ ಸಿಕ್ಕಿತ್ತು. ಅದು ಸೆಕೆಂಡಿಗೆ ಬರುವ ಚಿತ್ರಗಳ ಲೆಕ್ಕ ಎಂದು ನಾನು ಅವನಿಗೆ ಹೇಳಿಯೇ ಇರಲಿಲ್ಲ. ನಾನು ಅದನ್ನು ಏರಿಸಲು ಹೆಣಗಿದ್ದೆ, ಅವನು ಬ್ರೇಕು ಒತ್ತಿ ಅದನ್ನು ಇಳಿಸಲು ಹೆಣಗುತ್ತಿದ್ದ.

“ಅಲ್ಲ ಅಣ್ಣಯ್ಯ,” ಅಂದೆ, ವಿವರಣೆ ಕೊಟ್ಟ ಮೇಲೆ. “ಸ್ಪೀಡಿನ ಮೀಟರು ಸ್ಟೇರಿಂಗ್ ಹಿಂದೆ ಬೇರೆ ಇದೆಯಲ್ಲ. ಮುಳ್ಳು ತಿರುಗ್ತಿತ್ತಲ್ಲ.”

“ಮುಳ್ಳಿನ ಮೀಟರನ್ನ ಯಾರು ನೋಡ್ತಾರೆ? ನಾ ಓಡಿಸಿದ ಬಸ್ಸಲ್ಲಿ ಮುಳ್ಳು ಎದ್ದಿದ್ದನ್ನ ನಾ ನೋಡೇ ಇಲ್ಲ. ಹೊಸ ಬಸ್ಸು, ನಂಬರಲ್ಲಿ ಬರ್ತದೆ ಅಂದ್ಕೊಂಡೆ.”

ಅತ್ತಿಗೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅಣ್ಣಯ್ಯ ನಗಲಿಲ್ಲ. ಅವನ ಮುಖ ಬಿಳಿಚಿತ್ತು. ಬ್ರೇಕಿನ ತೂಗಾಟ ಹೊಟ್ಟೆಗೆ ಮುಟ್ಟಿತ್ತು. ನಿಧಾನ ಎದ್ದ. ಈ ಸಲ ಬಚ್ಚಲಿನವರೆಗೆ ಹೋಗಿ, ಬಾಗಿಲು ಹಿಡಿದು ನಿಂತು, ಹಾಗೇ ವಾಪಸ್ ಬಂದ.

“ಇನ್ನೊಂದು ಸಲ ನೋಡ್ತೀನಿ,” ಅಂದ. “ಅದ್ರಲ್ಲೂ ಹಿಂಗೇ ಆದ್ರೆ ಸ್ಟೇರಿಂಗ್ ಬಿಚ್ಚಿ ಕೊಟ್ಬಿಡು. ನಂಗೆ ಆಗಲ್ಲ ಅಂತ ಆಯ್ತು, ಅಷ್ಟೇ.”

ಅಷ್ಟೇ ಎಂಬುದನ್ನು ಅವನು ಬಹಳ ಮೆಲ್ಲಗೆ ಅಂದ. ಅತ್ತಿಗೆಯ ನಗು ನಿಂತಿತು.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ನಾನು ಕಡತ ತೆಗೆದುಕೊಂಡು ಅಣ್ಣಯ್ಯನ ಎದುರು ಕೂತೆ. ಇಷ್ಟು ದಿನ ಸಂಬಂಧಪಟ್ಟ ಅರ್ಜಿದಾರರನ್ನು ವಿಚಾರಿಸದೆಯೇ ಆದೇಶ ಹೊರಡಿಸಿದ್ದೆ. ಇಲಾಖೆಯಲ್ಲಿ ಅದು ವಾಡಿಕೆ, ಆದರೆ ಮನೆಯಲ್ಲಿ ನಡೆಯುವುದಿಲ್ಲ.

“ಅಣ್ಣಯ್ಯ, ಓಡಿಸುವಾಗ ನೀನು ಏನೇನು ನೋಡ್ತೀಯ, ಹೇಳು.”

“ರಸ್ತೆ.”

“ಸರಿ. ಮತ್ತೆ ಎಲೆ, ಮರ?”

“ಎಲೆ ನೋಡ್ತಾ ಕೂತ್ರೆ ಬಸ್ಸು ಹಳ್ಳದಲ್ಲಿ ಇರ್ತದೆ.”

“ನೆರಳು?”

“ನೆರಳು ಎಂತಕ್ಕೆ? ನಾನೇನು ಮಲಗ್ತೀನಾ?”

“ನೀರಿನಲ್ಲಿ ಆಕಾಶ ಕಾಣುವುದು?”

ಅವನು ನನ್ನನ್ನು ಕನಿಕರದಿಂದ ನೋಡಿದ. “ಗುಂಡಿ ಎಷ್ಟು ಆಳ ಅಂತ ಕಂಡ್ರೆ ಸಾಕು. ಆಕಾಶ ಬ್ಯಾಡ. ಆದ್ರೆ ಒಂದು ಹೇಳ್ತೀನಿ. ನಿನ್ನೆ ಕನ್ನಡೀಲಿ ಎಂತದೂ ಕಾಣ್ತಿರ್ಲಿಲ್ಲ, ಬರೀ ಮಸಿ. ಕನ್ನಡಿ ಇಲ್ದೆ ಓಡಿಸೋದು ಅಂದ್ರೆ ಕುತ್ತಿಗೆ ಕಟ್ಟಿ ಹಾಕಿದ ಹಂಗೆ. ನಂಗೆ ಎಡಗಡೆ ಕನ್ನಡಿ ಬೇಕು. ಬಾಗ್ಲಲ್ಲಿ ಯಾರು ನೇತಾಡ್ತಿದಾರೆ, ಯಾರು ಓಡಿ ಬರ್ತಿದಾರೆ ನೋಡ್ಬೇಕು.”

“ಓಡಿ ಬರುವವರು ಈ ಆಟದಲ್ಲಿ ಇಲ್ಲ ಅಣ್ಣಯ್ಯ.”

“ಇಲ್ದೆ ಇರ್ಬಹುದು. ನೋಡ್ಬೇಕಲ್ಲ.”

‘ಎಡಗನ್ನಡಿ: ಅತ್ಯಗತ್ಯ’ ಎಂದು ಬರೆದುಕೊಂಡೆ.

ಆ ಬೆಳಿಗ್ಗೆ ನಾನು ಮಾಡಿದ್ದನ್ನು ಅರಣ್ಯ ಇಲಾಖೆ ಕಂಡಿದ್ದರೆ ನನ್ನ ಪಿಂಚಣಿ ಹೋಗುತ್ತಿತ್ತು. ರಸ್ತೆಯ ಎರಡೂ ಬದಿಯ ಮರಗಳನ್ನು ಯಾವ ಅನುಮತಿಯೂ ಇಲ್ಲದೆ ಕಾಲುಭಾಗಕ್ಕೆ ಇಳಿಸಿದೆ. ಹುಲ್ಲು ಪೂರ್ತಿ ಹೋಯಿತು. ಮೋಡ ಕಡೆಯ ದರ್ಜೆಗೆ ಬಂತು, ನೀರಿನ ಆಕಾಶ ರದ್ದಾಯಿತು, ನೆರಳು ಹೆಸರಿಗೆ ಮಾತ್ರ ಉಳಿಯಿತು. ಹೀಗೆ ಉಳಿಸಿದ ಶಕ್ತಿಯನ್ನೆಲ್ಲ ಎಡಗನ್ನಡಿಗೂ ಬಲಗನ್ನಡಿಗೂ ಕೊಟ್ಟು, ಬಲ್ಲವರ ಸಲಹೆಗೆ ವಿರುದ್ಧವಾಗಿ ಅವನ್ನು ಮೇಲ್ದರ್ಜೆಗೆ ಏರಿಸಿದೆ. ವೇಗ ಹೆಚ್ಚಾದಾಗ ಪಕ್ಕದ ದೃಶ್ಯವನ್ನು ಕಲಸಿ ತೋರಿಸುವ ಒಂದು ಅಲಂಕಾರ ಇತ್ತು. ಕಣ್ಣಿಗೆ ಪೊರೆ ಬಂದವರ ಅನುಭವ ಉಚಿತವಾಗಿ ಸಿಗುತ್ತಿತ್ತು. ಅದನ್ನು ತೆಗೆದೆ. ಬ್ರೇಕು ಒತ್ತಿದಾಗ ಡ್ರೈವರನ ತಲೆ ತೂಗುವುದನ್ನೂ ತೆಗೆದೆ. ನೋಟದ ಅಗಲ ಸ್ವಲ್ಪ ಹೆಚ್ಚಿಸಿದೆ, ಕಿಟಕಿಯ ಅಂಚು ಕಾಣುವಷ್ಟು. ಒಬ್ಬನೇ ಊರೊಳಗೆ ಎರಡು ಸುತ್ತು ಹೊಡೆದು, ಒಂದು ಹಾಲಿನ ಬೂತಿಗೆ ಗುದ್ದಿ, ನಂಬರು ಅರವತ್ತು ಬಿಟ್ಟು ಅಲುಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಆಮೇಲೆ ನಂಬರನ್ನೂ ಅಳಿಸಿದೆ.

ಅಣ್ಣಯ್ಯ ಬಂದು ಕೂತ. ಮೂಲೆಯ ಕಡೆ ನೋಡಿದ, ಅಲ್ಲಿ ಏನೂ ಇರಲಿಲ್ಲ. ಎಡಗನ್ನಡಿ ನೋಡಿದ. ಬಹಳ ಹೊತ್ತು ನೋಡಿದ.

“ಎಲ್ಲಿಂದ ಎಲ್ಲಿಗೆ?” ಎಂದು ಕೇಳಿದೆ. ಪರದೆಯ ಮೇಲಿನ ಊರುಗಳ ಹೆಸರು ನಮ್ಮಿಬ್ಬರ ನಾಲಿಗೆಯಲ್ಲೂ ಹೊರಳುತ್ತಿರಲಿಲ್ಲ.

“ಇದು ತೀರ್ಥಹಳ್ಳಿ ಅಂತ ಇಟ್ಕೊ. ಕೊನೇದು ಸಾಗರ. ನಡುವೆ ಒಂದು ಚರ್ಚು ಬರ್ತದಲ್ಲ, ಅದು ಕೋಣಂದೂರು.”

ಕೋಣಂದೂರಿನವರ ಒಪ್ಪಿಗೆ ಕೇಳಲು ಸಮಯವಿರಲಿಲ್ಲ. “ರೈಟ್,” ಅಂದೆ.

ಬಸ್ಸು ಹೊರಟಿತು. ಬೋಳು ಬೆಟ್ಟ, ಬೋಳು ಬಯಲು, ಅಲ್ಲೊಂದು ಇಲ್ಲೊಂದು ಮರ. ನನ್ನ ಕಣ್ಣಿಗೆ ಅದು ಬರ ಪರಿಹಾರಕ್ಕೆ ಅರ್ಜಿ ಹಾಕಬೇಕಾದ ಪ್ರದೇಶ. ಆದರೆ ರಸ್ತೆ ಒಂದೇ ಸಮ ಹರಿಯುತ್ತಿತ್ತು. ತಿರುವು ಮೊದಲೇ ಕಾಣುತ್ತಿತ್ತು, ಹತ್ತಿರ ಬರುತ್ತಿತ್ತು, ಪಕ್ಕಕ್ಕೆ ಸರಿದು ಕನ್ನಡಿಯೊಳಗೆ ಹೋಗುತ್ತಿತ್ತು. ನಾನು ರಸ್ತೆ ನೋಡುವುದು ಬಿಟ್ಟು ಅಣ್ಣಯ್ಯನ ಮುಖ ನೋಡುತ್ತಿದ್ದೆ. ಅತ್ತಿಗೆ ತೊಡೆಯ ಮೇಲೆ ನಿಂಬೆಹಣ್ಣು ಹಿಡಿದು ಕೂತಿದ್ದರು, ಯಾರಿಗೆಂದು ಹೇಳಿರಲಿಲ್ಲ.

ಹತ್ತು ನಿಮಿಷ ಆಯಿತು. ಕಾಲು ಗಂಟೆ. ಚರ್ಚು ಬಂತು, ಹೋಯಿತು. ಅಣ್ಣಯ್ಯನ ಹೆಗಲು ಸ್ವಲ್ಪ ಇಳಿಯಿತು. ಸ್ಟೇರಿಂಗನ್ನು ಎರಡು ಕೈಯಲ್ಲಿ ಬಿಗಿಹಿಡಿದವನು ಒಂದು ಕೈ ಸಡಿಲ ಬಿಟ್ಟ. ತಿರುವಿನಲ್ಲಿ ಒಂದು ಲಾರಿ ಎದುರಾದಾಗ ಬದಿಗೆ ಸರಿದು ದಾರಿ ಕೊಟ್ಟು, “ಹೋಗು, ಹೋಗು, ನಿಂದೇ ರಸ್ತೆ,” ಅಂದ. ಅಷ್ಟು ದಿನಗಳಲ್ಲಿ ಅವನು ಸಿಟ್ಟೂ ದೂರೂ ಇಲ್ಲದೆ ತಾನಾಗಿಯೇ ಆಡಿದ ಮೊದಲ ಮಾತು ಆ ಲಾರಿಯವನಿಗೆ ಸಂದಿತು.

ಅರ್ಧ ಗಂಟೆ ದಾಟಿದ ಮೇಲೆ ಅತ್ತಿಗೆಗೆ ತಡೆಯಲಿಲ್ಲ. “ತಲೆ ತಿರುಗ್ತದಾ?”

“ಯಾರಿಗೆ?” ಅಂದ ಅಣ್ಣಯ್ಯ, ಕನ್ನಡಿಯಿಂದ ಕಣ್ಣು ತೆಗೆಯದೆ.

ಅತ್ತಿಗೆ ನಿಂಬೆಹಣ್ಣನ್ನು ಮೇಜಿನ ಮೇಲಿಟ್ಟರು. ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ, ಡ್ರೈವರನ ಹಿಂದಿನ ಸೀಟು ಇರಬೇಕಾದ ಜಾಗಕ್ಕೆ ಎಳೆದುಕೊಂಡರು. ಅವರಿಗೂ ಈಗ ಧೈರ್ಯ ಬಂದಿತ್ತು.

“ನಂಗೆ ತುಮರಿಗೆ ಹೋಗ್ಬೇಕಿತ್ತು ಮಾರಾಯ್ರೆ. ಅಕ್ಕನ ಮನೆಗೆ.”

ಅಣ್ಣಯ್ಯ ಕ್ಲಚ್ಚು ಬೇಡದ ಗೇರು ಬದಲಿಸಿದ. ಮುಂದೆ ದೊಡ್ಡ ಇಳಿಜಾರು, ಕೆಳಗೆ ದೂರದಲ್ಲಿ ನಮ್ಮ ಸಾಗರ ಕಾಣುತ್ತಿತ್ತು.

“ಈ ಬಸ್ಸು ತುಮರಿಗೆ ಹೋಗಲ್ಲಮ್ಮ,” ಅಂದ. “ಸಾಗರದಲ್ಲಿ ಇಳಿದು ಬೇರೆ ಬಸ್ಸು ಹಿಡೀರಿ. ಹತ್ತುವಾಗಲೇ ಕೇಳ್ಬೇಕಿತ್ತು.”